ಮಗನ ಮೇಲೆ ಕೈಮಾಡಿದ ತಾಯಿ ತನ್ನನ್ನು ಕ್ಷಮಿಸಿಕೊಳ್ಳಬಹುದೇ?

ಪ್ರಶ್ನೆ: ನನಗೆ 54 ವರ್ಷ. ಹುಟ್ಟೂರು ಕಾರ್ಕಳ ತಾಲೂಕಿನಲ್ಲಿ. ಮದುವೆಯಾಗಿ ಮುಂಬಯಿ ಬಳಿಯ ಡೊಂಬಿವಲಿಗೆ ಬಂದು ಮೂವತ್ತು ವರ್ಷ ದಾಟಿತು. ಪತಿ ಫೋರ್ಟ್‌ನಲ್ಲಿ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಬೆಳಗಿನ ಐದರ ಲೋಕಲ್ ಹಿಡಿದು ಹೋದರೆ ಮನೆ ಸೇರುವಾಗ ರಾತ್ರಿ ಹನ್ನೊಂದಾಗುತ್ತಿತ್ತು. ಒಬ್ಬನೇ ಮಗನನ್ನು ಓದಿಸುವ ಹೊಣೆಯೆಲ್ಲ ನನ್ನ ಮೇಲೆ ಬಿತ್ತು. ಅವನಿಗೆ ನಾನು ತುಂಬ ಹೊಡೆದಿದ್ದೇನೆ. ಸ್ಕೇಲಿನಿಂದ, ಲಟ್ಟಣಿಗೆಯಿಂದ, ಕೈಗೆ ಸಿಕ್ಕಿದ್ದರಿಂದ. 2013ರಲ್ಲಿ ಹತ್ತನೆಯ ತರಗತಿಯ ಪ್ರಿಲಿಮ್ಸ್‌ನಲ್ಲಿ ಗಣಿತದ ಅಂಕ ಕಡಿಮೆ ಬಂತೆಂದು ಅವನ ಚಿತ್ರದ ಪುಸ್ತಕವನ್ನು ಹರಿದು ಹಾಕಿ, ರಾತ್ರಿ ಅವನನ್ನು ಚಾಳಿನ (ಸಾಲುಮನೆಗಳ ಕಟ್ಟಡದ) ಗ್ಯಾಲರಿಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡೆ. ಪತಿ ಬಂದು ಒಳಗೆ ಕರೆಯುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಅವನು ಚಿತ್ರ ಬರೆದದ್ದನ್ನು ನಾನು ನೋಡಿಲ್ಲ.

ಈಗ ಅವನು ಪುಣೆಯ ಹಿಂಜೆವಾಡಿಯಲ್ಲಿ ಇಂಜಿನಿಯರ್. ತಿಂಗಳು ತಿಂಗಳು ಹಣ ಕಳಿಸುತ್ತಾನೆ, ಚೌತಿಗೆ ಬರುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ತಾನಾಗಿ ಏನನ್ನೂ ಹೇಳುವುದಿಲ್ಲ. ಕಳೆದ ಚೌತಿಯ ದಿನ ಅವನು ಊಟಕ್ಕೆ ಕೂತಿದ್ದಾಗ, ಅವನ ಹಿಂದಿನ ಕಪಾಟಿನಿಂದ ಉಪ್ಪಿನಕಾಯಿ ಜಾಡಿ ತೆಗೆಯಲು ನಾನು ಕೈ ಎತ್ತಿದೆ. 28 ವರ್ಷದ ಮಗ ಥಟ್ಟನೆ ತಲೆ ತಗ್ಗಿಸಿ ಮೊಣಕೈ ಅಡ್ಡ ಹಿಡಿದ. ಮರುಕ್ಷಣ ಏನೂ ಆಗಿಲ್ಲವೆಂಬಂತೆ ಊಟ ಮುಂದುವರಿಸಿದ. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ನೆಂಟರು ‘ನೀನು ಹೊಡೆದದ್ದಕ್ಕೇ ಅವನು ಇಂಜಿನಿಯರ್ ಆದದ್ದು’ ಎನ್ನುತ್ತಾರೆ. ಪತಿ ‘ಆಗಿದ್ದು ಆಯಿತು, ಬಿಟ್ಟುಬಿಡು’ ಎನ್ನುತ್ತಾರೆ. ಹರಕೆಯನ್ನೂ ಹೇಳಿಕೊಂಡೆ. ಮನೆಗೆ ಪಾಠಕ್ಕೆ ಬರುವ ಮಕ್ಕಳನ್ನು ಈಗ ಗದರಿಸಲೂ ಆಗುತ್ತಿಲ್ಲ. ಕೆಲವು ದಿನ ಬದುಕಿ ಏನು ಪ್ರಯೋಜನ ಎನಿಸುತ್ತದೆ. ಅವನ ಬಾಳನ್ನು ನಾನು ಹಾಳು ಮಾಡಿದೆನೇ? ತಾಯಿಯಾದವಳು ಮಗನ ಬಳಿ ಕ್ಷಮೆ ಕೇಳುವುದು ಸರಿಯೇ? ನನ್ನನ್ನು ನಾನೇ ಕ್ಷಮಿಸಿಕೊಂಡರೆ ಅದು ತಪ್ಪಿನಿಂದ ನುಣುಚಿಕೊಂಡಂತೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೆ ಬರುವ ಮೊದಲು, ನೀವು ಒಂದೇ ಸಾಲಿನಲ್ಲಿ ಹೇಳಿ ದಾಟಿಹೋಗಿರುವ ಮಾತನ್ನು ಎತ್ತಿಕೊಳ್ಳುತ್ತೇನೆ. ‘ಬದುಕಿ ಏನು ಪ್ರಯೋಜನ’ ಎಂಬ ಯೋಚನೆ ಬರುತ್ತಿದೆ ಎಂದಿದ್ದೀರಿ. ಅದನ್ನು ಒಬ್ಬರೇ ಹೊತ್ತುಕೊಂಡಿರಬೇಡಿ. ಇವತ್ತೇ ಪತಿಗೆ, ಇದೇ ಮಾತುಗಳಲ್ಲಿ, ಹೇಳಿ. ಆ ಯೋಚನೆ ಬಲವಾದಾಗ ಹಗಲಿರಲಿ ರಾತ್ರಿಯಿರಲಿ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ದಶಕಗಳಿಂದ ಮರಾಠಿ, ಹಿಂದಿಯಲ್ಲಿ ಸಲೀಸಾಗಿ ವ್ಯವಹರಿಸುತ್ತಿರುವ ನಮ್ಮವರು ಕೂಡ ಇಂಥ ಸಂಗತಿ ಹೇಳುವಾಗ ತಮ್ಮ ಮಾತಿಗೆ ಮರಳುವುದನ್ನು ನನ್ನ ಸಮಾಲೋಚನೆಯ ಕೋಣೆಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಹಾಗಾಗಿ ಇದು ಸಣ್ಣ ಅನುಕೂಲವಲ್ಲ.

ಇದರ ಜೊತೆಗೆ ವೈದ್ಯರನ್ನೂ ಒಮ್ಮೆ ಕಾಣಬೇಕು. ಎರಡು ವಾರಕ್ಕೂ ಮೀರಿ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು, ಇವುಗಳೊಡನೆ ಅತಿಯಾದ ಅಪರಾಧಪ್ರಜ್ಞೆಯೂ ಖಿನ್ನತೆಯ ಲಕ್ಷಣಗಳಲ್ಲಿ ಒಂದು. ಹಳೆಯ ತಪ್ಪು ನಿಜವೇ ಆಗಿರಬಹುದು, ಆದರೆ ಖಿನ್ನತೆ ಬಂದಾಗ ಅದೇ ತಪ್ಪು ಬದುಕಿನ ಉಳಿದೆಲ್ಲವನ್ನೂ ಮರೆಮಾಡುವಷ್ಟು ದೊಡ್ಡದಾಗಿ ಕಾಣುತ್ತದೆ. ಆಗ ಎಷ್ಟು ತರ್ಕ ಮಾಡಿದರೂ ಮನಸ್ಸು ಒಪ್ಪುವುದಿಲ್ಲ. ಮೊದಲು ಕಾಯಿಲೆಗೆ ಚಿಕಿತ್ಸೆ ಆಗಬೇಕು. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ನಿದ್ರಾಭಂಗ, ಥೈರಾಯ್ಡ್ ತೊಂದರೆ, ರಕ್ತಹೀನತೆ ಕೂಡ ಮನಸ್ಸನ್ನು ಹಿಂಡುತ್ತವೆ, ಆದ್ದರಿಂದ ರಕ್ತಪರೀಕ್ಷೆಯೂ ಆಗಲಿ. ಖಾಸಗಿ ವೈದ್ಯರ ಖರ್ಚು ಹೆಚ್ಚೆನಿಸಿದರೆ, ಸೆಂಟ್ರಲ್ ಲೈನಿನಲ್ಲೇ ಸಿಗುವ ಸಾಯನ್ ಆಸ್ಪತ್ರೆಯ ಮನೋರೋಗ ವಿಭಾಗದ ಹೊರರೋಗಿ ಚಿಕಿತ್ಸೆಗೆ ಹೋಗಬಹುದು.

ಈಗ ನಿಮ್ಮ ಚಿಂತೆಗೆ ಬರುತ್ತೇನೆ. ‘ಮಗನನ್ನು ಹಾಳುಮಾಡಿದ ತಾಯಿ’ ಎಂದು ನಿಮ್ಮ ಬಗ್ಗೆ ನೀವೇ ತೀರ್ಪು ಕೊಟ್ಟುಕೊಂಡಿದ್ದೀರಿ. ಸುತ್ತಲಿನವರು ಅದಕ್ಕೆ ನೇರ ವಿರುದ್ಧವಾದ ತೀರ್ಪು ಕೊಟ್ಟು ನಿಮ್ಮನ್ನು ಸಮಾಧಾನಪಡಿಸಲು ನೋಡುತ್ತಿದ್ದಾರೆ. ನನಗೆ ಎರಡೂ ಸರಿಯೆನಿಸುವುದಿಲ್ಲ.

ಹೊಡೆದದ್ದಕ್ಕೇ ಉದ್ಧಾರವಾದ ಎಂಬ ನೆಂಟರ ಮಾತು ಪ್ರೀತಿಯಿಂದಲೇ ಬಂದಿರಬಹುದು, ಆದರೆ ಅದಕ್ಕೆ ಆಧಾರವಿಲ್ಲ. ಅಮೆರಿಕದ ಎಲಿಜಬೆತ್ ಗರ್ಶಾಫ್ ಮತ್ತು ಆ್ಯಂಡ್ರೂ ಗ್ರೋಗನ್-ಕೇಲರ್ ಎಂಬ ಸಂಶೋಧಕರು ಐದು ದಶಕಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 1,60,000 ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬರಿಗೈಯಿಂದ ಕೊಡುವ ಪೆಟ್ಟಿನಿಂದಲೂ ಮಕ್ಕಳ ನಡತೆ ಸುಧಾರಿಸಿದ್ದು ಕಂಡುಬರಲಿಲ್ಲ. ಬದಲಿಗೆ ಹಟ, ಜಗಳಗಂಟಿತನ, ಮನಸ್ಸಿನ ತೊಂದರೆ, ತಂದೆತಾಯಿಯೊಡನೆ ಸಡಿಲವಾದ ನಂಟು ಇವು ಹೆಚ್ಚಾಗಿ ಕಂಡವು. ನಿಮ್ಮ ಮಗ ಇಂಜಿನಿಯರ್ ಆದದ್ದು ತನ್ನ ಬುದ್ಧಿಯಿಂದ, ತನ್ನ ದುಡಿಮೆಯಿಂದ, ನೀವು ಕಟ್ಟಿದ ಫೀಸಿನಿಂದ, ಪಕ್ಕದಲ್ಲಿ ಕೂತು ಹೇಳಿಕೊಟ್ಟ ಪಾಠದಿಂದ. ಲಟ್ಟಣಿಗೆಗೆ ಅದರಲ್ಲಿ ಪಾಲಿಲ್ಲ. ನೆಂಟರ ಮಾತಿನಿಂದ ನಿಮಗೆ ಸಮಾಧಾನ ಆಗದಿರುವುದು ಸಹಜ, ಏಕೆಂದರೆ ಅದು ನಿಜವಲ್ಲವೆಂದು ನಿಮಗೇ ಗೊತ್ತಿದೆ.

ಅದೇ ವಿಶ್ಲೇಷಣೆಯನ್ನು ಹಿಡಿದು ‘ಹಾಗಾದರೆ ಹಾಳುಮಾಡಿದೆ’ ಎನ್ನುವುದಕ್ಕೂ ಆಗದು. ಅಲ್ಲಿ ಕಂಡದ್ದು ಸಾವಿರಾರು ಮಕ್ಕಳ ಸರಾಸರಿಯಲ್ಲಿ ತೋರುವ, ಅಷ್ಟೇನೂ ದೊಡ್ಡದಲ್ಲದ ಸಂಬಂಧ. ಒಬ್ಬ ಹುಡುಗನ ಹಣೆಬರಹವಲ್ಲ. ಊಟದ ಹೊತ್ತಿನಲ್ಲಿ ಅವನು ತಲೆ ತಗ್ಗಿಸಿದ್ದು ನಿಮ್ಮ ಎದೆಗೆ ನಾಟಿದೆ ಎಂಬುದು ನನಗೆ ಅರ್ಥವಾಗುತ್ತದೆ. ಚಿಕ್ಕಂದಿನಲ್ಲಿ ಮೇಲೆ ಎದ್ದ ಕೈಯನ್ನು ಕಂಡು ದೇಹ ಕಲಿತ ರಕ್ಷಣೆ ಅದು. ಯೋಚನೆಗೆ ಮುಂಚೆಯೇ ನಡೆದುಹೋಗುತ್ತದೆ, ಭಯದ ಕಾರಣ ಹೋದ ಎಷ್ಟೋ ವರ್ಷಗಳ ನಂತರವೂ ಉಳಿದಿರುತ್ತದೆ. ಅಂದು ಅವನಿಗೆ ಭಯವಿತ್ತು ಎಂಬುದಕ್ಕೆ ಅದು ಸಾಕ್ಷಿ, ಇಂದು ಅವನಿಗೆ ನಿಮ್ಮ ಮೇಲೆ ದ್ವೇಷವಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಅವನ ಮಿತಮಾತಿಗೂ ಇದೊಂದೇ ಕಾರಣವೆಂದು ಹೇಳಲಾಗದು. ಪೆಟ್ಟು ತಿನ್ನದೆ ಬೆಳೆದು, ಬೇರೆ ಊರಿನಲ್ಲಿ ನೌಕರಿಗಿರುವ ಗಂಡುಮಕ್ಕಳಲ್ಲಿಯೂ ಅದು ಸಾಮಾನ್ಯ. ಅವನು ಪ್ರತಿ ಚೌತಿಗೆ ಬರುತ್ತಾನೆಂಬುದನ್ನು ನೀವೇ ಬರೆದಿದ್ದೀರಿ, ಆದರೆ ತೀರ್ಪು ಕೊಡುವಾಗ ಅದನ್ನು ಮರೆತಿದ್ದೀರಿ.

ಇನ್ನು, ಇಷ್ಟು ವರ್ಷ ಸುಮ್ಮನಿದ್ದ ಮನಸ್ಸು ಈಗೇಕೆ ಹೀಗೆ ಎದ್ದು ನಿಂತಿತು? ಡೊಂಬಿವಲಿ, ಭಾಂಡುಪ್, ಮೀರಾ ರೋಡಿನಿಂದ ನನ್ನ ಬಳಿ ಬರುವ ನಿಮ್ಮ ವಯಸ್ಸಿನ ಹಲವು ಹೆಂಗಸರಲ್ಲಿ ಇದನ್ನು ಕಂಡಿದ್ದೇನೆ. ಹೋಟೆಲು, ಕ್ಯಾಂಟೀನಿನ ಕೆಲಸದವರ ಮನೆಗಳಲ್ಲಿ ಗಂಡಸಿನ ಮುಖ ಮಕ್ಕಳಿಗೆ ಕಾಣುವುದೇ ರಜೆಯ ದಿನ. ಅತ್ತೆ, ಅಮ್ಮ, ಅಕ್ಕ ಎಲ್ಲ ಊರಿನಲ್ಲಿ. ಒಂದು ರೂಮು, ಒಂದು ಅಡುಗೆಮನೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕಾದು ಕೂರುವ ದಿನಚರಿ. ‘ನಮ್ಮಂತೆ ಇನ್ನೊಬ್ಬರ ಗಲ್ಲೆಯ ಮುಂದೆ ನಿಲ್ಲಬಾರದು’ ಎಂಬ ಒಂದೇ ಗುರಿಗೆ ಮನೆಯ ಎಲ್ಲ ಆಸೆಯನ್ನೂ ಕಟ್ಟಿ, ಆ ಆಸೆಯನ್ನು ಹದಿನೈದು ವರ್ಷದ ಹುಡುಗನ ಗಣಿತದ ಅಂಕದ ಮೇಲೆ ಇಟ್ಟಿರುತ್ತಾರೆ. ಅಂಕ ಕಡಿಮೆಯಾದಾಗ ತಾಯಿಗೆ ಮೊದಲು ಆಗುವುದು ದಿಗಿಲು. ಸಿಟ್ಟಾಗಿ ಹೊರಬರುವುದು ಆ ದಿಗಿಲೇ. ಹೊಡೆಯುವ ಕೈಯನ್ನು ಹಿಡಿದು ತಡೆಯಲು ಮನೆಯಲ್ಲಿ ಇನ್ನೊಬ್ಬರಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿ, 2010ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದ್ದರೂ, ಮನೆಯೊಳಗಿನ ಪೆಟ್ಟನ್ನು ಯಾರೂ ತಪ್ಪೆಂದು ಹೇಳುತ್ತಿರಲಿಲ್ಲ. ಮಗ ದಡ ಸೇರಿದ ಮೇಲೆ ಆ ದಿಗಿಲು ಇಳಿಯುತ್ತದೆ, ಮನೆ ಬರಿದಾಗುತ್ತದೆ, ಆಗ ತಾನು ಏನು ಮಾಡಿದೆ ಎಂಬುದು ಮೊದಲ ಬಾರಿಗೆ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ.

ಇಷ್ಟನ್ನೆಲ್ಲ ವಿವರವಾಗಿ ಬರೆದದ್ದು ನಿಮ್ಮನ್ನು ಖುಲಾಸೆ ಮಾಡಲಿಕ್ಕಲ್ಲ. ಕಾರಣ ತಿಳಿದರೆ ತಪ್ಪಿನ ಅಳತೆ ಸರಿಯಾಗುತ್ತದೆ, ತಪ್ಪು ಇಲ್ಲವಾಗುವುದಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮಲ್ಲಿದೆಯಲ್ಲ, ಆ ಮೇಲೆ ಬಂದ ಬುದ್ಧಿಯನ್ನು ಮೊದಲೇ ಇತ್ತೆಂದು ನಂಬುವುದು ಮನುಷ್ಯರ ಸ್ವಭಾವವೆಂದು ಮನೋವಿಜ್ಞಾನಿ ಬಾರೂಕ್ ಫಿಶ್‌ಹಾಫ್ 1975ರಲ್ಲಿಯೇ ಪ್ರಯೋಗಗಳ ಮೂಲಕ ತೋರಿಸಿದರು. ಆದ್ದರಿಂದ ಅಂದು ನಿಮಗೆ ಗೊತ್ತಿದ್ದದ್ದು ಯಾವುದು, ಇಂದು ಗೊತ್ತಾಗಿರುವುದು ಯಾವುದು ಎಂದು ಬೇರ್ಪಡಿಸಿ ನೋಡಿ. ಹೊಡೆತದ ನೆನಪು ಅವನ ದೇಹದಲ್ಲಿ ಇಷ್ಟು ವರ್ಷ ಉಳಿಯುತ್ತದೆಂದು ನಿಮಗೆ ಗೊತ್ತಿರಲಿಲ್ಲ. ಅದನ್ನು ಅಂದಿನ ನಿಮ್ಮ ಮೇಲೆ ಹೊರಿಸುವುದು ಅನ್ಯಾಯ. ಅವನು ಬಾಗಿಲಾಚೆ ನಿಂತಿದ್ದಾನೆ, ನೆರೆಹೊರೆಯವರು ನೋಡುತ್ತಿದ್ದಾರೆ, ಅವನು ಇಷ್ಟಪಟ್ಟು ಬರೆದ ಚಿತ್ರಗಳು ಹರಿದು ಬಿದ್ದಿವೆ, ಇವು ನಿಮಗೆ ಗೊತ್ತಿದ್ದವು, ಇವು ನಿಮ್ಮವು. ನೀವು ಕ್ಷಮೆ ಪಡೆಯಬೇಕಾಗಿರುವುದು ಇವುಗಳಿಗೆ. ‘ನಾನು ಕೆಟ್ಟ ತಾಯಿ’ ಎಂಬ ಹೊದಿಕೆಯ ಕೆಳಗೆ ಎಲ್ಲವನ್ನೂ ತುರುಕಿದರೆ ಕ್ಷಮಿಸಲು ಏನೂ ಕೈಗೆ ಸಿಗುವುದಿಲ್ಲ.

ಇಲ್ಲಿ ನಮ್ಮ ವೃತ್ತಿಯಲ್ಲಿ ಬಹಳ ಬಳಕೆಯಾಗುವ ಒಂದು ವಿಂಗಡಣೆ ನಿಮಗೆ ಉಪಯೋಗಕ್ಕೆ ಬರಬಹುದು. ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿ ವಿವರಿಸಿದ, ಮುಂದೆ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ವಿಸ್ತಾರವಾಗಿ ಪರೀಕ್ಷಿಸಿದ ವಿಚಾರವಿದು: ‘ನಾನು ಮಾಡಿದ ಆ ಕೆಲಸ ತಪ್ಪು’ ಎಂದು ನೊಂದುಕೊಳ್ಳುವವರು ಸರಿಪಡಿಸುವ ದಾರಿ ಹುಡುಕುತ್ತಾರೆ, ‘ನಾನೇ ಕೆಟ್ಟವಳು’ ಎಂದು ಕುಗ್ಗುವವರು ಮುಖ ಮರೆಸಿಕೊಳ್ಳುತ್ತಾರೆ, ಇಲ್ಲವೇ ಎದುರಿನವರ ಮೇಲೆ ಹರಿಹಾಯುತ್ತಾರೆ. ನಿಮ್ಮ ಪತ್ರದಲ್ಲಿ ಎರಡೂ ಇವೆ, ಆದರೆ ರಾತ್ರಿಯ ಹೊತ್ತು ಎರಡನೆಯದೇ ಗೆಲ್ಲುತ್ತಿರುವಂತೆ ತೋರುತ್ತದೆ. ಅದು ಗೆದ್ದಷ್ಟೂ ನೀವು ಮಗನಿಂದ ದೂರವಾಗುತ್ತೀರಿ. ಪಾಠಕ್ಕೆ ಬರುವ ಮಕ್ಕಳ ಸಂಗತಿಯನ್ನೇ ನೋಡಿ. ಅವರಿಗೆ ಹೊಡೆಯದಿರುವುದು ಸರಿ, ಗದರಿಸಲೂ ಹೆದರುವುದು ಸರಿಯಲ್ಲ. ಹೋಂವರ್ಕ್ ಮಾಡದೆ ಬಂದವನನ್ನು ಕೂರಿಸಿ, ದನಿ ಏರಿಸದೆ, ಮಾಡಿಸಿಯೇ ಕಳಿಸುವುದು ನೀವು ಇಂದಿನಿಂದ ಮಾಡಬಹುದಾದ ಪರಿಹಾರದ ಕೆಲಸ. ನಿಮ್ಮ ಪಶ್ಚಾತ್ತಾಪದಿಂದ ಇನ್ನೊಬ್ಬರ ಮಗುವಿಗೆ ಒಳಿತಾಗುವುದು ಹೀಗೆಯೇ ಹೊರತು ನಿಮ್ಮ ಹಿಂಜರಿಕೆಯಿಂದಲ್ಲ.

ನುಣುಚಿಕೊಂಡಂತೆ ಆಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುವುದಿಲ್ಲ. ನೀವು ಕೇಳಿದ್ದೀರೆಂಬುದರಲ್ಲೇ ಅರ್ಧ ಉತ್ತರವಿದೆ. ತನ್ನನ್ನು ಕ್ಷಮಿಸಿಕೊಳ್ಳುವುದಕ್ಕೂ ತನ್ನನ್ನು ಸಮರ್ಥಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಸಮರ್ಥನೆಗೆ ‘ನಾನು ಮಾಡಿದ್ದು ತಪ್ಪೇ ಅಲ್ಲ’ ಎನ್ನಬೇಕು. ಕ್ಷಮೆಗೆ ಮೊದಲು ‘ತಪ್ಪು, ಅದು ನನ್ನದೇ’ ಎನ್ನಬೇಕು. ಕೆನಡಾದ ಮೈಕೆಲ್ ವೋಲ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಹಾಗೆ ಮುಂದೂಡಿದ್ದು ಕಡಿಮೆ. ಅದೇ ವೋಲ್ ಮತ್ತೊಬ್ಬರೊಡನೆ 2011ರಲ್ಲಿ ಸಿಗರೇಟು ಸೇದುವವರನ್ನು ಅಧ್ಯಯನ ಮಾಡಿದಾಗ, ಸೇದುವುದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರಲ್ಲಿ ಬಿಡುವ ಸಿದ್ಧತೆಯೇ ಕಡಿಮೆಯಿತ್ತು. ನಡೆಯುತ್ತಲೇ ಇರುವ ತಪ್ಪಿಗೆ ಕ್ಷಮೆ ಕೊಟ್ಟುಕೊಂಡರೆ ಅದು ಪರವಾನಗಿಯಾಗುತ್ತದೆ. ನಿಮ್ಮ ತಪ್ಪು ನಿಂತಿದೆ, ನೀವು ಅದನ್ನು ಒಪ್ಪಿದ್ದೀರಿ, ಆದ್ದರಿಂದ ಆ ಅಪಾಯ ನಿಮಗಿಲ್ಲ. ನಿಮಗಿರುವ ಅಪಾಯ ಇನ್ನೊಂದು: ನರಳುವುದನ್ನೇ ಪ್ರಾಯಶ್ಚಿತ್ತವೆಂದು ತಿಳಿದಿರುವುದು. ನೀವು ನಿದ್ದೆಗೆಟ್ಟ ರಾತ್ರಿಗಳಿಂದ ಮಗನಿಗೆ ಸಲ್ಲುವುದು ಏನೂ ಇಲ್ಲ. ಕೊಡಬೇಕಾದವರಿಗೆ ಸಾಲ ಕೊಡದೆ ನೋಟುಗಳನ್ನು ಒಲೆಗೆ ಹಾಕಿದಂತಾಗುತ್ತದೆ.

ಹಾಗಾದರೆ ಅವನಿಗೆ ಸಲ್ಲಬೇಕಾದದ್ದು ಏನು? ತಾಯಿಯ ಬಾಯಿಂದ ನಿಜವಾದ ಮಾತು ಎಂದು ನಾನು ಭಾವಿಸುತ್ತೇನೆ. ಹಿರಿಯರು ಕಿರಿಯರ ಮುಂದೆ ಬಾಗಿದರೆ ಕಿರಿಯರ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ, ನಿಮ್ಮ ಸಂಕೋಚಕ್ಕೆ ಅದೂ ಕಾರಣವಿರಬಹುದು. ನೀವು ಕಾಲಿಗೆ ಬೀಳಬೇಕಾಗಿಲ್ಲ. ಕೂತು, ನಡೆದದ್ದನ್ನು ನಡೆದಂತೆ ಹೇಳಿದರೆ ಸಾಕು; ಅದರಿಂದ ತಾಯಿಯ ಸ್ಥಾನಕ್ಕೆ ಕುಂದು ಬಂದದ್ದನ್ನು ನಾನು ಕಂಡಿಲ್ಲ. ಚೌತಿಯ ನೆರೆದ ಮನೆಯಲ್ಲಿ ಬೇಡ, ಫೋನಿನಲ್ಲೂ ಬೇಡ. ಅವನು ಬಿಡುವಾಗಿರುವ ಒಂದು ದಿನ, ‘ನಿನ್ನ ಹತ್ತನೇ ಕ್ಲಾಸಿನ ಕಾಲದ ಒಂದು ವಿಷಯ ಮಾತಾಡಬೇಕು ಅಂತಿದೆ, ನಿನಗೆ ಇಷ್ಟವಿದ್ದರೆ ಮಾತ್ರ’ ಎಂದು ಮೊದಲೇ ಕೇಳಿ, ಬೇಡವೆನ್ನುವ ಅವಕಾಶ ಕೊಡಿ. ಒಪ್ಪಿದರೆ ನಿಮ್ಮ ಮನೆಮಾತಿನಲ್ಲಿ, ಚಿಕ್ಕದಾಗಿ ಹೇಳಿ: ‘ಆ ರಾತ್ರಿ ನಿನ್ನನ್ನು ಹೊರಗೆ ನಿಲ್ಲಿಸಿದೆ, ನಿನ್ನ ಚಿತ್ರ ಹರಿದೆ, ಎಷ್ಟೋ ಸಲ ಹೊಡೆದೆ. ಅದು ನಿನ್ನ ತಪ್ಪಿನಿಂದ ಅಲ್ಲ, ನನ್ನ ತಪ್ಪು. ನನಗೆ ಅದಕ್ಕೆ ದುಃಖವಿದೆ. ನೀನು ಏನೂ ಹೇಳಬೇಕಂತಿಲ್ಲ.’ ಇದರ ಹಿಂದೆ ‘ಆದರೆ ನಾನೂ ಒಬ್ಬಳೇ ಇದ್ದೆ’ ಎಂಬ ಮಾತು ಬಂದರೆ ಹೇಳಿದ್ದೆಲ್ಲ ವ್ಯರ್ಥ. ನಿಮ್ಮ ಕಷ್ಟದ ಕತೆ ಅವನು ಎಂದಾದರೂ ಕೇಳಿದರೆ ಹೇಳುವಂಥದ್ದು.

ಇದರಲ್ಲಿ ಅಪಾಯಗಳಿವೆ, ಮುಚ್ಚಿಡುವುದಿಲ್ಲ. ನೀವು ಬಿಕ್ಕಿ ಬಿಕ್ಕಿ ಅತ್ತರೆ ಅವನು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಇಳಿಯುತ್ತಾನೆ, ಅವನ ನೋವು ಮತ್ತೆ ಒಳಗೇ ಉಳಿಯುತ್ತದೆ. ಆದ್ದರಿಂದ ಮೊದಲು ಪತಿಯ ಮುಂದೆಯೋ ಆಪ್ತಸಮಾಲೋಚಕರ ಮುಂದೆಯೋ ಅತ್ತು ಹಗುರಾಗಿ, ಆಮೇಲೆ ಅವನ ಬಳಿ ಹೋಗಿ. ‘ಕ್ಷಮಿಸಿದೆ ಅಂತ ಹೇಳು’ ಎಂದು ಒತ್ತಾಯಿಸಿದರೆ ಅದು ಇನ್ನೊಂದು ಬಗೆಯ ಬಲವಂತವಾಗುತ್ತದೆ. ಅವನು ‘ಅದೆಲ್ಲ ನೆನಪೇ ಇಲ್ಲ, ಬಿಡಮ್ಮ’ ಎನ್ನಬಹುದು. ಹೆಚ್ಚಿನವರು ಹಾಗೆಯೇ ಎನ್ನುತ್ತಾರೆ. ನೆನಪಿಸಲು ಹೋಗಬೇಡಿ, ಹೇಳಿದ್ದು ಅವನ ಕಿವಿಗೆ ಬಿದ್ದಿದೆ. ಸಿಟ್ಟಾಗಲೂಬಹುದು, ನಿಮಗೆ ನೆನಪಿಲ್ಲದ ಇನ್ನೂ ನಾಲ್ಕು ಘಟನೆ ಹೇಳಬಹುದು. ಆ ಸಿಟ್ಟು ನಿಜವಾದ ಮಾತುಕತೆಯ ಆರಂಭವಾಗಿರುವ ಸಾಧ್ಯತೆ ಹೆಚ್ಚು; ವಾದಿಸದೆ ಕೇಳಿಸಿಕೊಳ್ಳಿ. ಬಣ್ಣ, ಕುಂಚ ತಂದುಕೊಟ್ಟು ಸರಿಮಾಡುವ ಆಸೆ ಆಗಬಹುದು, ಸದ್ಯಕ್ಕೆ ಅದು ಬೇಡ. ಚಿತ್ರ ಬಿಟ್ಟದ್ದಕ್ಕೆ ಅವನದೇ ಬೇರೆ ಕಾರಣವಿದ್ದರೂ ಇರಬಹುದು, ಮತ್ತು ಉಡುಗೊರೆಯಿಂದ ಮಾತು ಮುಗಿಸಿದಂತೆ ತೋರುತ್ತದೆ.

ಮಾತಾಡುವ ಧೈರ್ಯ ಈಗಲೇ ಬಾರದಿದ್ದರೆ ಕಳಿಸಬೇಕಾಗಿಲ್ಲದ ಪತ್ರ ಬರೆಯಬಹುದು. ಅದರಿಂದ ಮಾತು ತಿಳಿಯಾಗುತ್ತದೆ. ಹಗಲು ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಬರೆದು ಎತ್ತಿಡಿ. ರಾತ್ರಿ ಹಾಸಿಗೆಯಲ್ಲಿ ಕೂತು ಬರೆದರೆ ಅದೇ ಯೋಚನೆ ಸುತ್ತುವುದಕ್ಕೆ ಇನ್ನೊಂದು ದಾರಿಯಾಗುತ್ತದೆ, ಹಾಗೆ ಸುತ್ತುವುದು ಖಿನ್ನತೆಯನ್ನು ಉದ್ದ ಎಳೆಯುತ್ತದೆಂದು ಚೆನ್ನಾಗಿಯೇ ಗೊತ್ತಾಗಿದೆ. ಹರಕೆಯನ್ನು ತೀರಿಸಿ, ಅದರಿಂದ ಮನಸ್ಸಿಗೆ ಬಲ ಬರುವುದಾದರೆ ಬರಲಿ. ದೇವರ ಮುಂದೆ ಒಪ್ಪಿಕೊಂಡದ್ದು ಮಗನಿಗೆ ಕೇಳಿಸಿಲ್ಲ ಎಂಬುದಷ್ಟೇ ನೆನಪಿರಲಿ.

ನಿಮ್ಮ ಪತಿಯ ಬಗ್ಗೆಯೂ ಒಂದು ಮಾತು. ಬಾಗಿಲು ತೆರೆದು ಮಗನನ್ನು ಒಳಗೆ ಕರೆದವರು ಅವರು. ಮನೆಯಲ್ಲಿ ಏನು ನಡೆಯುತ್ತಿತ್ತೆಂದು ಅವರಿಗೂ ತಿಳಿದಿತ್ತು. ‘ಬಿಟ್ಟುಬಿಡು’ ಎಂಬ ಮಾತಿನ ಹಿಂದೆ ಅವರದೇ ನೋವೂ ಇರಬಹುದು. ವೈದ್ಯರ ಬಳಿಗೆ ಅವರನ್ನೂ ಕರೆದುಕೊಂಡು ಹೋಗಿ. ಆದರೆ ಮೊದಲ ಸ್ವಲ್ಪ ಹೊತ್ತು ನೀವೊಬ್ಬರೇ ಮಾತಾಡಬೇಕೆಂದು ಹೋದ ಕೂಡಲೇ ಹೇಳಿ, ಮತ್ತು ನನಗೆ ಬರೆದ ಪತ್ರದ ಪ್ರತಿಯನ್ನು ಜೊತೆಗೆ ಒಯ್ಯಿರಿ. ಬಾಯಿ ಕಟ್ಟಿದರೆ ಅದನ್ನೇ ಅವರ ಕೈಗೆ ಕೊಡಬಹುದು.